ಅಡ್ವಾನ್ಸ್‌ನಲ್ಲಿ 82,500 ರೂಪಾಯಿ ಮುರಿದುಕೊಂಡಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿ ಮೂರು ವರ್ಷ ಒಂಬತ್ತು ತಿಂಗಳು ಬಾಡಿಗೆಗೆ ಇದ್ದೆವು. ಸೇರುವಾಗ ಬಾಡಿಗೆ 18,000, ಅಡ್ವಾನ್ಸ್ ಹತ್ತು ತಿಂಗಳದ್ದು, 1,80,000. ಬಿಡುವಾಗ ಬಾಡಿಗೆ 21,000 ಆಗಿತ್ತು. ಸೆಪ್ಟೆಂಬರ್ 10ಕ್ಕೆ ವಾಟ್ಸಾಪ್‌ನಲ್ಲಿ ಹೇಳಿ, 30ಕ್ಕೆ ಬೀಗದ ಕೈ ಕೊಟ್ಟೆವು. ಆ ತಿಂಗಳ ಬಾಡಿಗೆ ಪೂರ್ತಿ ಕೊಟ್ಟಿದ್ದೇವೆ. ಓನರ್ ಈಗ 97,500 ಮಾತ್ರ ಹಾಕಿದ್ದಾರೆ. ಉಳಿದದ್ದಕ್ಕೆ ಲೆಕ್ಕ ಕಳಿಸಿದ್ದಾರೆ: ಪೇಂಟಿಂಗ್ 38,000, ನೋಟಿಸ್ ಕಮ್ಮಿ ಕೊಟ್ಟಿದ್ದಕ್ಕೆ ಒಂದು ತಿಂಗಳ ಬಾಡಿಗೆ 21,000, ಕ್ಲೀನಿಂಗ್ 5,500, ವಾಷ್‌ಬೇಸಿನ್ ಒಡೆದದ್ದು 6,000, ಸಿಂಕ್ ಕೆಳಗಿನ ಕಬೋರ್ಡ್ 9,000, ಕರೆಂಟು ನೀರು 3,000. ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಇದೆ. ನೋಟಿಸ್ ಒಂದು ತಿಂಗಳು ಅಂತಲೂ ಇದೆ. ಬೇಸಿನ್ ಒಡೆದದ್ದು ನಿಜ, ಚೊಂಬು ಬಿತ್ತು. ಸಿಂಕ್ ಪೈಪ್ ಸೋರುತ್ತಿದೆ ಅಂತ ಫೋಟೋ ಸಮೇತ ಹೋದ ವರ್ಷವೇ ಹೇಳಿದ್ದೆ, 'ಪ್ಲಂಬರ್ ಕಳಿಸ್ತೀನಿ' ಅಂದು ಸುಮ್ಮನಾದರು. ಅಕ್ಟೋಬರ್ 6ಕ್ಕೆ ಹೊಸಬರು ಬಂದಾಯಿತಂತೆ. ಲೆಕ್ಕ ನೋಡಿ ಗಾಬರಿಯಲ್ಲಿ 'ಓಕೆ ಅಂಕಲ್' ಅಂತ ಕಳಿಸಿಬಿಟ್ಟೆ, ಅದು ತೊಂದರೆನಾ? ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋದೇ ಕಾನೂನುಬಾಹಿರ ಅಂತಾರಲ್ಲ? ಪೊಲೀಸ್ ಸ್ಟೇಷನ್‌ಗೆ ಹೋಗಲಾ?

ಉತ್ತರ: ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನೀವು ಕೇಳಬೇಕಾದ್ದು 82,500 ಅಲ್ಲ, 45,500. ಈ ವ್ಯತ್ಯಾಸ ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ವಕೀಲನಾದ ನನ್ನ ಹತ್ತಿರ ಬರುವ ಬಾಡಿಗೆದಾರರಲ್ಲಿ ಹೆಚ್ಚಿನವರು ಪೂರ್ತಿ ದುಡ್ಡು ಬೇಕು ಅಂತ ಹಟ ಹಿಡಿದೇ ಬರುತ್ತಾರೆ. ಓನರ್ ಕೂಡ ಅಷ್ಟೇ ಹಟ ಹಿಡಿಯುತ್ತಾರೆ. ನಮ್ಮದೇನು ತಪ್ಪಿದೆಯೋ ಅದನ್ನು ನಾವೇ ಮೊದಲು ಬರೆದು ಒಪ್ಪಿಕೊಂಡರೆ ಉಳಿದದ್ದನ್ನು ಕೇಳುವ ಬಾಯಿಗೆ ಬಲ ಬರುತ್ತದೆ. ಇದು ನಾನು ಒಳ್ಳೆಯತನಕ್ಕೆ ಹೇಳುತ್ತಿರುವ ಮಾತಲ್ಲ. ನಾಳೆ ಮಧ್ಯಸ್ಥಿಕೆಗಾರರ ಮುಂದೆ ಕೂತಾಗ ನಿಮ್ಮ ಕಾಗದ ಓದಿ 'ಈ ಮನುಷ್ಯ ನ್ಯಾಯವಾಗಿ ಕೇಳುತ್ತಿದ್ದಾನೆ' ಅನ್ನಿಸಬೇಕು.

ಅಡ್ವಾನ್ಸ್ ಅನ್ನುವ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಮುಂಗಡ ಅಂದ ಕೂಡಲೇ ಓನರ್‌ಗೆ ಅದು ತಮ್ಮ ದುಡ್ಡು ಅನ್ನಿಸಿಬಿಡುತ್ತದೆ. ನಿಮ್ಮ ಅಗ್ರಿಮೆಂಟ್ ತೆಗೆದು ನೋಡಿ, ಅಲ್ಲಿ 'ಬಡ್ಡಿರಹಿತ, ಮನೆ ಖಾಲಿ ಮಾಡುವಾಗ ಹಿಂದಿರುಗಿಸತಕ್ಕ ಭದ್ರತಾ ಠೇವಣಿ' ಅಂತಲೋ ಅದೇ ಅರ್ಥದ ಇಂಗ್ಲಿಷ್ ಸಾಲೋ ಇರುತ್ತದೆ. ಅಂದರೆ ದುಡ್ಡು ನಿಮ್ಮದು, ಇಟ್ಟುಕೊಂಡಿರುವವರು ಅವರು. ಅದರಲ್ಲಿ ಒಂದು ರೂಪಾಯಿ ಹಿಡಿಯಬೇಕಾದರೂ ಯಾಕೆ, ಎಷ್ಟು ಅನ್ನುವುದನ್ನು ತೋರಿಸಬೇಕಾದವರು ಅವರೇ.

ಎರಡು ತಿಂಗಳ ಮಾತು ಎಲ್ಲಿಂದ ಬಂತು ಅಂದರೆ, 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮಾಡೆಲ್ ಟೆನೆನ್ಸಿ ಆ್ಯಕ್ಟ್‌ನಿಂದ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಅಂಗಡಿ ಆಫೀಸಿಗೆ ಆರು ತಿಂಗಳದ್ದು, ಇದಕ್ಕಿಂತ ಜಾಸ್ತಿ ಠೇವಣಿ ತಗೊಳ್ಳುವ ಹಾಗಿಲ್ಲ ಅಂತ ಅದರಲ್ಲಿದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನ ಕಾನೂನಿನೊಳಗೆ ತಂದುಕೊಂಡರೆ ಮಾತ್ರ ಅದಕ್ಕೆ ಜೀವ. ನಮ್ಮಲ್ಲಿ ಇರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದರ ಕಥೆ ಇನ್ನೂ ವಿಚಿತ್ರ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯ ಮನೆಗೆ, ಉಳಿದ ಕಡೆ 2,000 ದಾಟಿದ ಮನೆಗೆ ಅದು ಅನ್ವಯವೇ ಆಗುವುದಿಲ್ಲ. ವಿಜಯನಗರದಲ್ಲಿ 3,500ಕ್ಕೆ ಇವತ್ತು ಏನು ಸಿಗುತ್ತದೆ ಹೇಳಿ, ಬೈಕ್ ನಿಲ್ಲಿಸೋಕೆ ಒಂದು ಮೂಲೆ ಸಿಕ್ಕೀತು. ಹಾಗಾಗಿ ಬಾಡಿಗೆ ಕೋರ್ಟಿನ ಆಸೆ ಬಿಡಿ. ಹತ್ತು ತಿಂಗಳ ಅಡ್ವಾನ್ಸ್ ತಗೊಂಡದ್ದೇ ತಪ್ಪು ಅನ್ನುವ ವಾದವನ್ನೂ ಬಿಡಿ.

ಹಾಗಾದರೆ ನಿಮಗೆ ಕಾನೂನು ಯಾವುದು? ಒಂದು, ನಿಮ್ಮ ಅಗ್ರಿಮೆಂಟ್. ಎರಡು, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್‌ನ (ಎಂ) ಖಂಡ ನಿಮ್ಮ ಇಡೀ ಜಗಳಕ್ಕೆ ಬೇರು. ಬಾಡಿಗೆದಾರ ಮನೆಯನ್ನು ತಾನು ಪಡೆದಾಗ ಇದ್ದಷ್ಟು ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು, ಆದರೆ ನ್ಯಾಯವಾದ ಸವಕಳಿ ಮತ್ತು ತಡೆಯಲಾಗದ ಅವಘಡದಿಂದ ಆದ ಬದಲಾವಣೆಗೆ ಅವನು ಹೊಣೆಯಲ್ಲ ಅನ್ನುವುದು ಅದರ ಸಾರ. ನಾಲ್ಕು ವರ್ಷದ ಬಿಸಿಲಿಗೆ ಮಾಸಿದ ಗೋಡೆ, ಒಲೆ ಮೇಲಿನ ಎಣ್ಣೆ ಜಿಡ್ಡು, ದೇವರ ಮನೆಯ ಹೊಗೆ, ಬೋರ್ ನೀರಿಗೆ ಬಾತ್‌ರೂಮ್ ಟೈಲ್ಸ್ ಮೇಲೆ ಕೂತ ಬಿಳಿ ಕಲೆ, ಸಡಿಲವಾದ ಬಾಗಿಲ ಚಿಲಕ, ಕ್ಯಾಲೆಂಡರ್ ತೂಗಿದ ಮೊಳೆ ತೂತು ಇವೆಲ್ಲ ಸವಕಳಿ. ಮನೆ ಅಂದ ಮೇಲೆ ಜನ ಬದುಕಿದರು ಅನ್ನುವುದರ ಗುರುತು. ಒಡೆದ ಬೇಸಿನ್, ಸುಟ್ಟ ಕಲೆ ಬಿದ್ದ ಕಪಾಟು, ಕೇಳದೆ ಗೋಡೆ ಕೊರೆದು ಕೂರಿಸಿದ ಎ.ಸಿ. ಇವು ಸವಕಳಿ ಅಲ್ಲ.

ಆದರೆ ಈ 108ನೇ ಸೆಕ್ಷನ್ ಶುರುವಾಗುವುದೇ 'ಬೇರೆ ಒಪ್ಪಂದವಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ' ಅನ್ನುವ ಅರ್ಥದ ಮಾತಿನಿಂದ. ಆದ್ದರಿಂದ ಪೇಂಟಿಂಗ್ ವಿಷಯದಲ್ಲಿ ಅದನ್ನೊಂದೇ ಹಿಡಿದು ನೇತಾಡಿದರೆ ನೀವು ಸೋಲುತ್ತೀರಿ.

ಪೇಂಟಿಂಗ್‌ಗೇ ಬರೋಣ, ಜಾಸ್ತಿ ದುಡ್ಡು ಇರುವುದೂ ಅಲ್ಲೇ. ಬರೀ ಕಾಯ್ದೆ ನೋಡಿದರೆ ಮಾಸಿದ ಗೋಡೆಗೆ ನೀವು ಬಿಡಿಗಾಸೂ ಕೊಡಬೇಕಿಲ್ಲ. ಮಾಡೆಲ್ ಆ್ಯಕ್ಟ್‌ನ ಪಟ್ಟಿಯಲ್ಲೂ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರ್ ಪಾಲಿಗೇ ಇದೆ. ಆದರೆ ನೀವು 'ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ' ಅಂತ ಸಹಿ ಹಾಕಿದ್ದೀರಿ. ಹಾಕದೇ ಇದ್ದಿದ್ದರೂ 'ಬೆಂಗಳೂರಲ್ಲಿ ಇದೇ ರೂಢಿ' ಅಂತ ಓನರ್ ವಾದ ಮಾಡಬಹುದಿತ್ತು, ಆ ವಾದ ಪೂರ್ತಿ ಹುರುಳಿಲ್ಲದ್ದಲ್ಲ. ಹಾಗಾಗಿ 21,000 ಅವರದ್ದು ಅಂತ ಒಪ್ಪಿಕೊಳ್ಳಿ. ಈಗಿನ ಬಾಡಿಗೆಯಾ, ಸೇರುವಾಗಿನದ್ದಾ ಅಂತ ಎಳೆದಾಡಬಹುದು. ಮೂರು ಸಾವಿರದ ಮಾತು, ಬಿಡಿ.

ಆದರೆ ಆ ಸಾಲು ಎರಡೂ ಕಡೆ ಕೊಯ್ಯುತ್ತದೆ. ಒಂದು ತಿಂಗಳ ಬಾಡಿಗೆ ಅಂತ ಬರೆದ ಮೇಲೆ ಒಂದು ತಿಂಗಳ ಬಾಡಿಗೆಯೇ. ಪೇಂಟರ್ ಜಾಸ್ತಿ ಕೇಳಿದ, ಕೂಲಿ ಏರಿದೆ, ಈ ಸಲ ಪುಟ್ಟಿ ಹಾಕಿಸಿದೆ ಅನ್ನುವುದೆಲ್ಲ ಅವರ ತಲೆನೋವು. ಅದೇ ಒಪ್ಪಂದ ಹಿಡಿದು 38,000 ಕೇಳಲು ಬರುವುದಿಲ್ಲ. ಹೆಚ್ಚುವರಿ 17,000ಕ್ಕೆ ಇರುವ ಒಂದೇ ದಾರಿ ಅಂದರೆ ನೀವು ಗೋಡೆಯನ್ನೇ ಹಾಳು ಮಾಡಿದ್ದೀರಿ, ಮಾಮೂಲಿ ಪೇಂಟ್‌ಗೆ ಮೀರಿದ ರಿಪೇರಿ ಬೇಕಾಯಿತು ಅಂತ ತೋರಿಸುವುದು. ಅದಕ್ಕೆ ಫೋಟೋ ಬೇಕು, ಬಿಲ್ ಬೇಕು. ಬಿಲ್ ಬಂದರೆ ಒಂದು ವಿಷಯ ಗಮನಿಸಿ. ನೀವು ಸೇರುವಾಗ ಗೋಡೆಗೆ ಇದ್ದದ್ದು ಅಗ್ಗದ ಡಿಸ್ಟೆಂಪರ್ ಬಣ್ಣ, ಈಗ ಹೊಡೆಸಿರುವುದು ಅದಕ್ಕಿಂತ ದುಬಾರಿ ಎಮಲ್ಷನ್ ಆಗಿದ್ದರೆ ಅದು ಅವರ ಮನೆಗೆ ಅವರು ಮಾಡಿಕೊಂಡ ಏಳಿಗೆ. ಕೈಯಿಂದ ಒರೆಸಿದರೆ ಪುಡಿ ಅಂಟುತ್ತಿತ್ತಾ ನೆನಪು ಮಾಡಿಕೊಳ್ಳಿ, ಅಂಟುತ್ತಿದ್ದರೆ ಡಿಸ್ಟೆಂಪರ್. ಹೊರಗೋಡೆ, ಗ್ರಿಲ್, ಮೆಟ್ಟಿಲ ಕಂಬಿ ಇವೂ ಅದೇ ಬಿಲ್ಲಿಗೆ ಸೇರಿಕೊಂಡು ಬರುವುದುಂಟು. ಮತ್ತೆ, ನೀವು 30ಕ್ಕೆ ಬಿಟ್ಟು ಹೊಸಬರು 6ಕ್ಕೆ ಬಂದಿದ್ದಾರೆ. ಐದು ದಿನದಲ್ಲಿ ಎರಡು ಬೆಡ್‌ರೂಮ್ ಮನೆಗೆ ಪೇಂಟ್ ಆಗುತ್ತದೆ, ಆಗಲ್ಲ ಅಂತಲ್ಲ. ಆದರೆ ಆಯಿತಾ ಅಂತ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ನಾನು ವಕೀಲಿ ಶುರು ಮಾಡಿದ ಹೊಸದರಲ್ಲಿ ನಾನೇ ಬಾಡಿಗೆಗಿದ್ದ ಮನೆ ಬಿಟ್ಟಾಗ ಪೇಂಟಿಂಗ್ ಅಂತ ಮುರಿದುಕೊಂಡರು. ಮರೆತ ಒಂದು ಪಾತ್ರೆ ತರಲು ಎರಡು ವಾರ ಬಿಟ್ಟು ಹೋದರೆ, ನಾನು ಫೋನ್ ನಂಬರ್ ಗೀಚಿದ್ದ ಗೋಡೆ ಹಾಗೇ ಇತ್ತು, ಹೊಸಬರು ಅದರ ಮುಂದೆಯೇ ಸೋಫಾ ಹಾಕಿಕೊಂಡು ಕೂತಿದ್ದರು. ಕೇಳೋಕೆ ನಾಚಿಕೆಯಾಗಿ ವಾಪಸ್ ಬಂದೆ. ನೀವು ಹಾಗೆ ಮಾಡಬೇಡಿ.

ನೋಟಿಸ್‌ನಲ್ಲಿ ತಪ್ಪು ನಿಮ್ಮದೂ ಇದೆ. ಒಂದು ತಿಂಗಳು ಅಂತ ಇದ್ದಾಗ ಇಪ್ಪತ್ತು ದಿನ ಕೊಟ್ಟಿದ್ದೀರಿ. ಒಪ್ಪಂದದಲ್ಲಿ ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸ್ ಸಾಕು ಅಂತ 106ನೇ ಸೆಕ್ಷನ್ ಹೇಳುತ್ತದೆ, ಆದರೆ ನಿಮ್ಮಲ್ಲಿ ಬರೆದಿದೆ. (ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಹೊಸದು ಮಾಡಿಸದೇ ಉಳಿದಿದ್ದರೆ ಹಳೆಯ ಷರತ್ತುಗಳೇ ಮುಂದುವರಿದವು ಅಂತ ಸಾಮಾನ್ಯವಾಗಿ ನೋಡುತ್ತಾರೆ, ಅಗ್ರಿಮೆಂಟ್ ಮುಗಿದಿತ್ತು ಅಂತ ನುಣುಚಿಕೊಳ್ಳಲು ಹೋಗಬೇಡಿ.) ಕಮ್ಮಿಯಾದದ್ದು ಹತ್ತು ದಿನ. ದಿನಕ್ಕೆ 700ರ ಹಾಗೆ 7,000. ಅದಕ್ಕೆ ಇಡೀ 21,000 ಹಿಡಿದಿದ್ದಾರೆ. ಇಪ್ಪತ್ತು ದಿನ ಮೊದಲೇ ಹೇಳಿದವನಿಗೂ ಒಂದು ಮಾತೂ ಹೇಳದೆ ರಾತ್ರೋರಾತ್ರಿ ಲಾರಿ ತಂದವನಿಗೂ ಒಂದೇ ದಂಡ ಅಂದರೆ ಹೇಗೆ?

ಇಲ್ಲಿ ನಿಮ್ಮ ನೆರವಿಗೆ ಬರುವುದು 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್. ಷರತ್ತು ಮುರಿದರೆ ಇಷ್ಟು ಕೊಡಬೇಕು ಅಂತ ಅಗ್ರಿಮೆಂಟ್‌ನಲ್ಲಿ ಬರೆದಿದ್ದರೂ ಆ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ. ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಬಿಡಿಸಿ ಹೇಳಿದೆ, ನಷ್ಟವೇ ಆಗದಿದ್ದರೆ ಈ ಸೆಕ್ಷನ್ ಹಿಡಿದು ದುಡ್ಡು ಮುಟ್ಟುಗೋಲು ಹಾಕಿಕೊಳ್ಳುವ ಹಾಗಿಲ್ಲ ಅಂತ. ಅದು ಜಾಗದ ಹರಾಜಿನ ಮುಂಗಡದ ಪ್ರಕರಣ, ಬಾಡಿಗೆಯದ್ದಲ್ಲ. ಆದರೂ ತತ್ವ ಒಂದೇ. ನಿಮ್ಮ ಓನರ್ ಮನೆ ಖಾಲಿ ಇದ್ದದ್ದು ಅಕ್ಟೋಬರ್ 1ರಿಂದ 5ರವರೆಗೆ, ಐದೇ ದಿನ. ನಷ್ಟ 3,500. ಹೊಸಬರು 6ಕ್ಕೆ ಬಂದರು ಅನ್ನುವುದಕ್ಕೆ ಏನಾದರೂ ಗುರುತು ಇಟ್ಟುಕೊಳ್ಳಿ, ಆದರೆ ಕಾಗದದಲ್ಲಿ 7,000ವನ್ನೇ ಒಪ್ಪಿಕೊಳ್ಳಿ. 3,500ರ ಮಾತನ್ನು ಕೊನೆಗೆ ಕೋರ್ಟಿಗೆ ಹೋಗಬೇಕಾದರೆ ತೆಗೆಯೋಣ.

ಕ್ಲೀನಿಂಗ್ 5,500 ಶುದ್ಧ ಸೊನ್ನೆ. ಗುಡಿಸಿ ಒರೆಸಿ ಕೊಟ್ಟಿದ್ದರೆ ನಿಮ್ಮ ಕೆಲಸ ಮುಗಿಯಿತು. ಪೇಂಟರ್‌ಗಳು ಹೋದ ಮೇಲೆ ನೆಲದ ಮೇಲೆ ಬಿದ್ದ ಬಣ್ಣದ ಹನಿ ಉಜ್ಜಿಸಿದ ಖರ್ಚು ಪೇಂಟಿಂಗ್‌ಗೇ ಸೇರಿದ್ದು, ಅದಕ್ಕೆ 21,000 ಆಗಲೇ ಕೊಟ್ಟಾಗಿದೆ.

ಬೇಸಿನ್ ನೀವು ಒಡೆದಿದ್ದೀರಿ, ಕೊಡಿ. 6,000 ಜಾಸ್ತಿ ಅನ್ನಿಸಿದರೆ ಅದೇ ಅಳತೆಯ ಬಿಳಿ ಬೇಸಿನ್‌ಗೆ ಸ್ಯಾನಿಟರಿ ಅಂಗಡಿಯಲ್ಲಿ ಬೆಲೆ ಕೇಳಿ, ಪ್ಲಂಬರ್ ಕೂಲಿ ಸೇರಿಸಿ. ಅವರು ದೊಡ್ಡ ಬ್ರ್ಯಾಂಡಿನ, ಕೆಳಗೆ ಕಂಬ ಇರುವ ಬೇಸಿನ್ ಕೂರಿಸಿ ಆ ಬಿಲ್ ತೋರಿಸಿದರೆ ವ್ಯತ್ಯಾಸ ಅವರದ್ದೇ. ನಾನಾದರೆ ಇಲ್ಲಿ ಚೌಕಾಸಿ ಮಾಡುವುದಿಲ್ಲ. ಈ 6,000 ಧಾರಾಳವಾಗಿ ಬಿಟ್ಟುಕೊಟ್ಟರೆ ಮುಂದಿನ 9,000 ಕೇಳುವಾಗ ಅನುಕೂಲ.

ಆ 9,000 ಅಂದರೆ ಕಬೋರ್ಡ್. ಇದರಲ್ಲಿ ನಿಮ್ಮನ್ನು ಕಾಪಾಡುವುದು ನೀವು ಹೋದ ವರ್ಷ ಕಳಿಸಿದ ಆ ಒಂದು ಫೋಟೋ. ಸೋರುವ ಪೈಪಿನ ಕೆಳಗಿನ ಪ್ಲೈವುಡ್ಡು ಉಬ್ಬದೆ ಇನ್ನೇನು ಮಾಡೀತು? ನೀವು ಹೇಳದೆ ಬಕೆಟ್ ಇಟ್ಟುಕೊಂಡು ಸುಮ್ಮನಿದ್ದಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತಿತ್ತು. ಹೇಳಿದ್ದೀರಿ, ಅವರು ಪ್ಲಂಬರ್ ಕಳಿಸ್ತೀನಿ ಅಂತ ಒಪ್ಪಿದ್ದಾರೆ, ಅಂದರೆ ಅದು ತಮ್ಮ ಕೆಲಸ ಅಂತ ಅವರೇ ಬರೆದುಕೊಟ್ಟ ಹಾಗೆ. ಮಾಡೆಲ್ ಆ್ಯಕ್ಟ್ ನಮ್ಮಲ್ಲಿ ಕಾನೂನಲ್ಲದಿದ್ದರೂ ಯಾವುದು ಯಾರ ಕೆಲಸ ಅನ್ನುವ ಅಳತೆಗೋಲಾಗಿ ಮಾತುಕತೆಯಲ್ಲಿ ಅದನ್ನು ತೋರಿಸಬಹುದು. ನಲ್ಲಿ, ವಾಷರ್, ಸ್ವಿಚ್, ಸಾಕೆಟ್, ಗೀಸರ್ ರಿಪೇರಿ, ಕಿಟಕಿ ಗಾಜು, ಸೊಳ್ಳೆ ಜಾಲರಿ, ಬೀಗ, ಹಿಡಿ ಬಾಡಿಗೆದಾರರಿಗೆ. ಪೈಪು ಬದಲಾಯಿಸುವುದು, ವೈರಿಂಗ್, ಕಟ್ಟಡದ ರಿಪೇರಿ ಮಾಲೀಕರಿಗೆ. ಆ ಚಾಟ್ ಇರುವ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಾಟ್ಸಾಪ್ ಪ್ರಿಂಟ್ ಕೊಡುವಾಗ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು. ಮೂಲ ಫೋನ್ ಕೈಯಲ್ಲಿದ್ದರೆ ಅದೆಲ್ಲ ಸಲೀಸು.

ಕರೆಂಟು ನೀರು 3,000. ಬೆಸ್ಕಾಂ ಬಿಲ್ ಇಷ್ಟು ದುಂಡಗೆ ಬಂದದ್ದನ್ನು ನಾನಂತೂ ನೋಡಿಲ್ಲ. 30ನೇ ತಾರೀಖಿನ ಮೀಟರ್ ರೀಡಿಂಗ್ ಫೋಟೋ ತೆಗೆದಿದ್ದೀರಾ? ಇಲ್ಲದಿದ್ದರೆ ಬೆಸ್ಕಾಂ ಮತ್ತು ಜಲಮಂಡಳಿ ಬಿಲ್‌ನ ಪ್ರತಿ ಕೇಳಿ. ನಿಮ್ಮ ದಿನಗಳಿಗೆ ಎಷ್ಟೋ ಅಷ್ಟು ಕೊಡಿ, ಸದ್ಯಕ್ಕೆ ಲೆಕ್ಕದಲ್ಲಿ 3,000 ಅಂತಲೇ ಇಟ್ಟುಕೊಳ್ಳೋಣ.

ಹೀಗೆ ಅವರಿಗೆ ಸಲ್ಲಬೇಕಾದ್ದು 21,000, 7,000, 6,000, 3,000. ಒಟ್ಟು 37,000. ಹಿಡಿದಿರುವ 82,500ರಲ್ಲಿ ಅದು ಹೋದರೆ 45,500.

ಈಗ ನಿಮ್ಮ 'ಓಕೆ ಅಂಕಲ್'. ಚಿಂತೆ ಮಾಡುವಷ್ಟು ದೊಡ್ಡದಲ್ಲ, ಆದರೆ ಹಾಗೇ ಬಿಡುವಷ್ಟು ಸಣ್ಣದೂ ಅಲ್ಲ. ಕರಾರು ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಬರಬೇಕಾದ ದುಡ್ಡಿನಲ್ಲಿ ಸ್ವಲ್ಪ ತಗೊಂಡು 'ಇಲ್ಲಿಗೆ ಪೂರ್ತಿ ಚುಕ್ತಾ' ಅಂತ ನೀವು ಒಪ್ಪಿಕೊಂಡರೆ ಉಳಿದದ್ದನ್ನು ಕೇಳುವ ಹಕ್ಕು ಹೋಗುತ್ತದೆ. 'ಓಕೆ' ಅನ್ನುವುದು ಚುಕ್ತಾ ಅಲ್ಲ, ನೋಡಿದೆ ಅನ್ನುವ ಅರ್ಥವೂ ಅದಕ್ಕಿದೆ. ಆದರೆ ಅದರ ಮೇಲೆ ಆರು ತಿಂಗಳು ಸುಮ್ಮನೆ ಕೂತರೆ ಅದು ಒಪ್ಪಿಗೆಯ ಹಾಗೆ ಕಾಣಲು ಶುರುವಾಗುತ್ತದೆ. ಆದ್ದರಿಂದ ಇವತ್ತೇ ಬರೆಯಿರಿ. ಮುಂದೆ ಅವರು ರಸೀದಿಗೋ 'ಫುಲ್ ಆ್ಯಂಡ್ ಫೈನಲ್' ಅನ್ನುವ ಚೀಟಿಗೋ ಸಹಿ ಕೇಳಿದರೆ ಉಳಿದ ದುಡ್ಡು ಬರುವ ತನಕ ಹಾಕಬೇಡಿ. ಖಾತೆಗೆ ಬಂದಿರುವ 97,500 ನಿಮ್ಮದೇ, ಅದನ್ನು ವಾಪಸ್ ಕಳಿಸುವ ಶೌರ್ಯ ಬೇಡ.

ಬರೆಯುವ ಮೊದಲು ಓನರ್ ಕಡೆಯಿಂದಲೂ ಸ್ವಲ್ಪ ಯೋಚಿಸಿ. ನಾಲ್ಕು ವರ್ಷದ ಹಿಂದೆ ನೀವು ಕೊಟ್ಟ 1,80,000 ಅವರ ಬೀರುವಿನಲ್ಲಿ ಕೂತಿಲ್ಲ. ಮಗಳ ಮದುವೆಗೋ ಮೇಲಿನ ಮಹಡಿಗೋ ಯಾವತ್ತೋ ಹೋಗಿದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹಳಬರ ಅಡ್ವಾನ್ಸ್ ತೀರಿಸುವುದು ಹೊಸಬರ ಅಡ್ವಾನ್ಸ್‌ನಿಂದ. ಹೊಸಬರು ಕೊಟ್ಟದ್ದು ಕಮ್ಮಿ ಇದ್ದರೆ ಆ ಕೊರತೆ ತುಂಬಲು ಪೇಂಟಿಂಗ್, ಕ್ಲೀನಿಂಗ್ ಅಂತ ಬಾಬತ್ತುಗಳು ಹುಟ್ಟಿಕೊಳ್ಳುತ್ತವೆ. ಮೋಸ ಮಾಡಬೇಕು ಅಂತಲೇ ಕೂತವರು ಕೆಲವರು ಇದ್ದಾರೆ, ಆದರೆ ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ಕೈಯಲ್ಲಿ ದುಡ್ಡಿಲ್ಲ ಅನ್ನುವುದೇ ನಿಜವಾದ ಕಾರಣ. ನಿಮ್ಮ ಓನರ್‌ದು ಇದೇ ಕಥೆ ಅನ್ನಿಸಿದರೆ ಎರಡು ಕಂತಿನಲ್ಲಿ ಕೊಡಿ ಅನ್ನುವ ಮಾತು ನೀವೇ ಎತ್ತಿ. ದಾರಿ ಸಿಕ್ಕರೆ ಕೊಡುವವರು ಇದ್ದಾರೆ.

ಮೊದಲ ಹೆಜ್ಜೆಗೆ ವಕೀಲರು ಬೇಕಿಲ್ಲ. ಇಂಥದ್ದೊಂದು ಮೆಸೇಜ್ ಸಾಕು:

'ಅಂಕಲ್, ನಮಸ್ಕಾರ. ನೀವು ಕಳಿಸಿದ ಲೆಕ್ಕ ನಿಧಾನವಾಗಿ ನೋಡಿದೆ. ಆವತ್ತು ಓಕೆ ಅಂದದ್ದು ಲೆಕ್ಕ ತಲುಪಿತು ಅಂತ, ಒಪ್ಪಿದೆ ಅಂತ ಅಲ್ಲ. ಅಗ್ರಿಮೆಂಟ್ ಪ್ರಕಾರ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 21,000, ನೋಟಿಸ್‌ನಲ್ಲಿ ಕಮ್ಮಿಯಾದ ಹತ್ತು ದಿನಕ್ಕೆ 7,000, ಬೇಸಿನ್‌ಗೆ 6,000, ಕರೆಂಟು ನೀರಿಗೆ ಬಿಲ್ ತೋರಿಸಿದರೆ 3,000ದವರೆಗೆ ನಾನು ಒಪ್ಪುತ್ತೇನೆ. ಸಿಂಕ್ ಪೈಪ್ ಸೋರುತ್ತಿದೆ ಅಂತ ಹೋದ ವರ್ಷವೇ ಫೋಟೋ ಕಳಿಸಿದ್ದೆ, ಕೆಳಗೆ ಮತ್ತೆ ಹಾಕಿದ್ದೇನೆ. ಕಬೋರ್ಡ್, ಕ್ಲೀನಿಂಗ್, ಹೆಚ್ಚುವರಿ ಪೇಂಟಿಂಗ್ ಮತ್ತು ಉಳಿದ ನೋಟಿಸ್ ಬಾಡಿಗೆ ಸೇರಿ 45,500 ವಾಪಸ್ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ಬೇರೆ ಖರ್ಚು ಆಗಿದೆ ಅಂದರೆ ಬಿಲ್ ಕಳಿಸಿ, ನೋಡುತ್ತೇನೆ. ಒಂದೇ ಸಲಕ್ಕೆ ಕಷ್ಟ ಆದರೆ ಎರಡು ಕಂತು ಮಾಡಿ. ಮನೆಗೆ ಬಂದು ಮಾತಾಡೋಕೂ ಸಿದ್ಧ.'

ಫೋನ್‌ನಲ್ಲಿ ಮಾತಾಡಿದರೆ, ಮಾತು ಮುಗಿದ ಮೇಲೆ 'ಈಗ ಮಾತಾಡಿದ ಪ್ರಕಾರ' ಅಂತ ಎರಡು ಸಾಲು ವಾಟ್ಸಾಪ್ ಮಾಡಿ. ಬಾಯಿಮಾತಿಗೆ ನಾಳೆ ಸಾಕ್ಷಿ ಸಿಗುವುದಿಲ್ಲ.

ಹತ್ತು ಹದಿನೈದು ದಿನ ನೋಡಿ. ಉತ್ತರ ಇಲ್ಲ ಅಂದರೆ ಇದನ್ನೇ ಕಾಗದದಲ್ಲಿ ಬರೆದು, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಸ್ಪೀಡ್ ಪೋಸ್ಟ್ ಮಾಡಿ. ಅದರಲ್ಲಿ ಒಂದು ಸಾಲು ತಪ್ಪದೆ ಸೇರಿಸಿ: ಇಂಥ ತಾರೀಖಿನೊಳಗೆ ಕೊಡದಿದ್ದರೆ ಬಡ್ಡಿಯನ್ನೂ ಕೇಳುತ್ತೇನೆ ಅಂತ. 1978ರ ಬಡ್ಡಿ ಕಾಯ್ದೆಯಲ್ಲಿ ಹೀಗೆ ಬರಹದಲ್ಲಿ ಬಡ್ಡಿ ಕೇಳಿದ ದಿನದಿಂದ ಕೋರ್ಟ್ ಬಡ್ಡಿ ಕೊಡಿಸಲು ಅವಕಾಶ ಇದೆ. ಮೊತ್ತ ದೊಡ್ಡದೇನಲ್ಲ, ಆದರೆ ತಡ ಮಾಡಿದಷ್ಟೂ ತಮಗೇ ನಷ್ಟ ಅಂತ ಓನರ್‌ಗೆ ಗೊತ್ತಾಗುತ್ತದೆ. ಆಮೇಲೆ ವಕೀಲರ ನೋಟಿಸ್. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲ ಅಂದರೆ ನೇರ ಕೋರ್ಟಿಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್ ಮುಂದೆ ವಿಷಯ ತರಲು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ದಾರಿ ಇದೆ. ಖರ್ಚು ಇಲ್ಲವೆನ್ನುವಷ್ಟು. ಇಬ್ಬರೂ ಒಪ್ಪಿ ರಾಜಿಯಾದರೆ ಆ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ, ಅಂದರೆ ಅಂತಿಮ ಆದೇಶದ ಬೆಲೆ, ಮೇಲ್ಮನವಿ ಇಲ್ಲ. ಓನರ್ ಬರಲೇಬೇಕು ಅಂತ ಬಲವಂತ ಇಲ್ಲ, ಅದು ಇದರ ದೌರ್ಬಲ್ಯ. ಆದರೆ ಪ್ರಾಧಿಕಾರದಿಂದ ನೋಟಿಸ್ ಬಂದರೆ ಮರ್ಯಾದಸ್ತರು ಬರುತ್ತಾರೆ. 15100ಕ್ಕೆ ಫೋನ್ ಮಾಡಿದರೆ ಎಲ್ಲಿ ಅರ್ಜಿ ಕೊಡಬೇಕು ಅಂತ ಹೇಳುತ್ತಾರೆ. ಅಗ್ರಿಮೆಂಟ್ ನಿಮ್ಮ ಮನೆಯವರ ಹೆಸರಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ.

ಕೊನೆಗೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ, ಅಂದರೆ ಸಣ್ಣ ಮೊತ್ತದ ದಾವೆಗಳ ಕೋರ್ಟಿನಲ್ಲಿ, ದುಡ್ಡು ವಸೂಲಿ ದಾವೆ. ಮೂರು ವರ್ಷದೊಳಗೆ ಹಾಕಬೇಕು. ಹಾಕಬಹುದು, ಗೆಲ್ಲಲೂಬಹುದು. ಆದರೆ 45,500ಕ್ಕೆ ವಕೀಲರ ಫೀಸು, ಆಫೀಸಿಗೆ ಹಾಕುವ ರಜೆ, ವಾಯಿದೆ ಮೇಲೆ ವಾಯಿದೆ ಎಲ್ಲ ನೋಡಿದರೆ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ನನ್ನನ್ನು ಕೇಳಿದರೆ ಮಾತುಕತೆಯಲ್ಲಿ 35,000ಕ್ಕೆ ಬಂದರೆ ತಗೊಂಡು ಮುಗಿಸಿ. ವಕೀಲನಾಗಿ ಇದನ್ನು ಹೇಳಬಾರದೇನೋ.

ಪೊಲೀಸ್ ಸ್ಟೇಷನ್ ಬೇಡ. 'ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ' ಅಂತ ಕಳಿಸುತ್ತಾರೆ, ಅದು ಅವರ ಉದಾಸೀನ ಅಲ್ಲ, ಲೆಕ್ಕದ ಜಗಳ ನಿಜಕ್ಕೂ ಸಿವಿಲ್ಲೇ. ಕ್ರಿಮಿನಲ್ ಕೇಸ್ ಹಾಕ್ತೀನಿ ಅಂತ ಹೆದರಿಸಿದ ಮೆಸೇಜ್ ನಾಳೆ ನಿಮ್ಮ ವಿರುದ್ಧವೇ ಬರುತ್ತದೆ. ಓನರ್ ಫೋಟೋ, ವಿಳಾಸ ಹಾಕಿ ಫೇಸ್‌ಬುಕ್‌ನಲ್ಲಿ ಮರ್ಯಾದೆ ತೆಗೆಯುವುದೂ ಬೇಡ, ಆಮೇಲೆ ದುಡ್ಡಿನ ಮಾತು ಹೋಗಿ ಮಾನದ ಮಾತು ಶುರುವಾಗುತ್ತದೆ.

ಕೊನೆಯ ಎರಡು ಮೂರು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸ್‌ನಲ್ಲೇ ವಜಾ ಮಾಡಿಸಿಕೊಳ್ಳಬೇಕಿತ್ತು ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಎಷ್ಟೋ ಜನ ಹಾಗೆ ಮಾಡುತ್ತಾರೆ, ಕೆಲಸವೂ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಓನರ್ ಬರಹದಲ್ಲಿ ಒಪ್ಪದೆ ಹಾಗೆ ಮಾಡಿದರೆ ಬಾಡಿಗೆ ಬಾಕಿ ಉಳಿಸಿಕೊಂಡವರು ನೀವಾಗುತ್ತೀರಿ, ಜಗಳದಲ್ಲಿ ತಪ್ಪು ಮೊದಲು ನಿಮ್ಮ ಕಡೆ ಕಾಣುತ್ತದೆ. ಬೀಗದ ಕೈ ಕೊಡದೆ ಇಟ್ಟುಕೊಳ್ಳುವುದೂ ಅಷ್ಟೇ. ಮನೆ ನಿಮ್ಮ ವಶದಲ್ಲೇ ಇದೆ ಅಂತಾಗಿ ಬಾಡಿಗೆ ಏರುತ್ತಾ ಹೋಗುತ್ತದೆ. ಖಾಲಿ ಮಾಡುವ ಹದಿನೈದು ದಿನ ಮೊದಲು ಓನರ್‌ನ ಕರೆದು ಮನೆ ತೋರಿಸಿ, ಏನೇನು ಹಿಡಿಯುತ್ತೀರಿ ಅಂತ ಅಲ್ಲೇ ಚೀಟಿಯಲ್ಲಿ ಬರೆಸಿಕೊಂಡು, ಬೀಗದ ಕೈ ಕೊಡುವ ಹೊತ್ತಿಗೇ ದುಡ್ಡು ಖಾತೆಗೆ ಬರುವ ಹಾಗೆ ಮಾತಾಡಿಕೊಳ್ಳುವುದು ನನಗೆ ಗೊತ್ತಿರುವ ಒಳ್ಳೆಯ ದಾರಿ. ನಿಮಗೆ ಈ ಸಲ ತಪ್ಪಿತು.

ಈಗ ಇರುವ ಮನೆಗೂ ಅಡ್ವಾನ್ಸ್ ಕೊಟ್ಟೇ ಇರುತ್ತೀರಲ್ಲ? ಸಾಮಾನು ಪೂರ್ತಿ ಜೋಡಿಸುವ ಮೊದಲು, ಇವತ್ತೇ ಸಂಜೆ, ಪ್ರತಿ ಗೋಡೆ, ನಲ್ಲಿ, ಕಬೋರ್ಡ್ ಒಳಗು, ಬಾತ್‌ರೂಮ್ ಮೂಲೆ ಎಲ್ಲ ವಿಡಿಯೋ ಮಾಡಿ ಹೊಸ ಓನರ್‌ಗೆ ಕಳಿಸಿಬಿಡಿ. ಕರೆಂಟ್ ಮೀಟರ್ ಫೋಟೋನೂ ಸೇರಲಿ. ಹಾಗೇ ಹಳೇ ಮನೆಯ ಆರ್‌ಆರ್ ನಂಬರ್‌ಗೆ ನಿಮ್ಮ ಆಧಾರ್‌ನಲ್ಲಿ ಗೃಹಜ್ಯೋತಿ ಜೋಡಣೆ ಇನ್ನೂ ಉಳಿದಿದ್ದರೆ ಸೇವಾ ಸಿಂಧುವಿನಲ್ಲಿ ಬಿಡಿಸಿಕೊಳ್ಳಿ. ಅದಾಗದೆ ಹೊಸ ಮನೆಗೆ ಅರ್ಜಿ ಹಾಕಲು ಬರುವುದಿಲ್ಲ.